ಹಾಜರಿ ಪುಸ್ತಕದಲ್ಲಿ ಪೆನ್ಸಿಲ್ ಹೆಸರು: ಸುರತ್ಕಲ್ ಕಡೆಯ ಒಂದು ಪ್ರಕರಣ

ಕಳೆದ ವರ್ಷ ಜೂನ್ ಕೊನೆಗೆ ಮಂಗಳೂರಿನ ಸುರತ್ಕಲ್ ಕಡೆಯ ಒಂದು ಸರಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಸೇರಿದಳು. ಊರು ಬಾಗಲಕೋಟೆ ಜಿಲ್ಲೆ. ಆಗಸ್ಟ್‌ನಲ್ಲಿ ಅವಳ ಕ್ಲಾಸ್ ಟೀಚರ್ ನನ್ನ ಹತ್ತಿರ ಬಂದು, "ಇವಳು ಮಾತೇ ಆಡುವುದಿಲ್ಲ ಮೇಡಂ, ಒಮ್ಮೆ ನೀವು ನೋಡಿ" ಅಂದರು. ನಾನು ಆ ಶಾಲೆಗೆ ವಾರಕ್ಕೊಮ್ಮೆ ಹೋಗುವ ಆಪ್ತ ಸಮಾಲೋಚಕಿ. ಹುಡುಗಿಯ ಹೆಸರು, ಶಾಲೆಯ ಹೆಸರು ಇಲ್ಲಿ ಹಾಕುವುದಿಲ್ಲ. ಉಳಿದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ಇಂಥ ಮಕ್ಕಳನ್ನು ನನ್ನ ಹತ್ತಿರ ಕಳಿಸುವಾಗ ಚೀಟಿಯಲ್ಲಿ ಬರುವುದು ಮಗುವಿನ ಸ್ವಭಾವ. ನಾಚಿಕೆ, ಮೌನ, ಬೆರೆಯುವುದಿಲ್ಲ, ಹೀಗೆ. ಆದರೆ ಈ ಹುಡುಗಿ ಮನೆಯಲ್ಲಿ ಬಾಯಿ ಮುಚ್ಚುವವಳೇ ಅಲ್ಲ ಅಂತ ಅವಳ ತಾಯಿ ನಗುತ್ತಾ ಹೇಳಿದರು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆವರೆಗೆ ಮಾತ್ರ ಮಾತು ನಿಲ್ಲುತ್ತದೆ ಅಂದರೆ ಹುಡುಕಬೇಕಾದದ್ದು ಆ ಹೊತ್ತಿನಲ್ಲಿ ಏನಾಗುತ್ತಿದೆ ಅಂತ. ಅಲ್ವಾ?

ಮನೆ

ಅಪ್ಪ ಕಟ್ಟಡದ ಸೆಂಟ್ರಿಂಗ್ ಕೆಲಸದವರು. ಅಮ್ಮನೂ ಅದೇ ಸೈಟಿನಲ್ಲಿ ಸಿಮೆಂಟು, ಜಲ್ಲಿ ಹೊರುತ್ತಾರೆ. ಬೈಕಂಪಾಡಿ, ಸುರತ್ಕಲ್, ಕುಳಾಯಿ ಸುತ್ತ ಇಂಥ ಕುಟುಂಬಗಳು ಬೇಕಾದಷ್ಟಿವೆ. ಊರಿನಲ್ಲಿ ಒಂದು ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಲ್ಲಿ. ಬಂದ ಮೇಲೆ ಒಂದು ಲೈನ್ ರೂಮು, ಎದುರಿಗೆ ಆರು ಮನೆಗೆ ಒಂದು ನಲ್ಲಿ. ಹುಡುಗಿಗೆ ಐದು ವರ್ಷದ ತಮ್ಮ ಇದ್ದಾನೆ. ಅಪ್ಪ ಅಮ್ಮ ಏಳೂವರೆಗೆ ಸೈಟಿನ ಟೆಂಪೊ ಹತ್ತಿದ ಮೇಲೆ ಆ ಹುಡುಗನನ್ನು ತಯಾರು ಮಾಡಿ ಅಂಗನವಾಡಿಗೆ ಬಿಡುವುದು ಅಕ್ಕನ ಕೆಲಸ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಶಾಲೆಯ ಪ್ರಾರ್ಥನೆಯೂ ಒಂಬತ್ತೂವರೆಗೆ.

ಇನ್ನು ಮಳೆ. ಬಾಗಲಕೋಟೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ 3,500ಕ್ಕೂ ಜಾಸ್ತಿ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಊರಿನಲ್ಲಿ ವರ್ಷವಿಡೀ ನೋಡುವ ಮಳೆಯನ್ನು ಇಲ್ಲಿ ಕೆಲವೇ ವಾರದಲ್ಲಿ ನೋಡಿದಳು. ಒಂದೇ ಜೊತೆ ಸಮವಸ್ತ್ರ, ಅದೂ ಒಣಗುವುದಿಲ್ಲ. ಒದ್ದೆ ಬಟ್ಟೆಯ ವಾಸನೆಗೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಸುಮ್ನೆ ಸರಿಯುತ್ತಿದ್ದರು. ಸರಿದ ಜಾಗ ಹಾಗೇ ಉಳಿಯಿತು.

ಶಾಲೆ ಮೊದಲು ಮಾಡಿದ್ದು

ಶಾಲೆಯವರು ಕೈಕಟ್ಟಿ ಕೂತಿರಲಿಲ್ಲ. ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ. ಸೇರಿದ ವಾರವೇ ಅವಳನ್ನು ಪ್ರಾರ್ಥನೆಯ ಹೊತ್ತಿಗೆ ಮುಂದೆ ಕರೆದು, "ಇವಳು ಉತ್ತರ ಕರ್ನಾಟಕದಿಂದ ಬಂದ ನಮ್ಮ ಅತಿಥಿ, ಚಪ್ಪಾಳೆ ತಟ್ಟಿ" ಅಂದರು. ಒಂದು ಜನಪದ ಹಾಡು ಹೇಳು ಅಂದರು. ಅವಳು ತಲೆ ತಗ್ಗಿಸಿ ನಿಂತಳು. ಕೊನೆಗೆ "ಬರಂಗಿಲ್ರಿ" ಅಂದಳು. ಇಡೀ ಶಾಲೆ ನಕ್ಕಿತು. ಅತಿಥಿ ಅಂದರೆ ನಾಲ್ಕು ದಿನ ಇದ್ದು ಹೋಗುವವಳು. ನಮ್ಮವಳು ಅಂತ ಯಾರಿಗೂ ಅನಿಸಬೇಕಿಲ್ಲ.

ಆಮೇಲೆ ಕ್ಲಾಸ್ ಲೀಡರ್ ಹುಡುಗಿಗೆ "ಇವಳ ಜೊತೆ ಇರು" ಅಂತ ಜವಾಬ್ದಾರಿ ಕೊಟ್ಟರು. ಅವಳು ಓದಿನಲ್ಲಿ ಮುಂದೆ, ಶಿಸ್ತಿನವಳು. ಹೇಳಿದ ಕೆಲಸ ಚಾಚೂ ತಪ್ಪದೆ ಮಾಡಿದಳು. ನೀರು ಕುಡಿಯಲು, ಊಟಕ್ಕೆ, ಆಟಕ್ಕೆ ಎಲ್ಲ ಕಡೆ ಕರೆದುಕೊಂಡು ಹೋದಳು. ಆದರೆ ಅವಳಿಗೆ ತನ್ನದೇ ಗುಂಪು ಇತ್ತು, ಗುಂಪಿನ ಮಾತು ತುಳು. ಒಂದು ಜೋಕು ಹೇಳಿ ಮುಗಿದ ಮೇಲೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಯಾರಿಗೆ ನಗು ಬರುತ್ತದೆ? ಎರಡು ವಾರದಲ್ಲಿ ಇಬ್ಬರಿಗೂ ಸಾಕಾಯಿತು. ಬೇರ್ಪಟ್ಟಾಗ ಇಬ್ಬರಿಗೂ ನಿರಾಳವೇ ಆಗಿರಬೇಕು.

ತರಗತಿಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ. ಹೊರಗೆ ನಲ್ಲಿ ಹತ್ತಿರ ತುಳು, ಒಂದಷ್ಟು ಮಕ್ಕಳಲ್ಲಿ ಬ್ಯಾರಿ, ಕೆಲವರಲ್ಲಿ ಕೊಂಕಣಿ. ಇಲ್ಲಿಯ ಮಕ್ಕಳು ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುವುದು ಅವರಿಗೇ ಗೊತ್ತಾಗುವುದಿಲ್ಲ. ಹೊಸಬಳಿಗೆ ಮಾತ್ರ ಪ್ರತಿ ಬೆಲ್ ಹೊಡೆದಾಗಲೂ ಬಾಗಿಲು ಹಾಕಿದ ಹಾಗೆ. ಅವಳು ಬಾಯಿ ತೆರೆದರೂ ಕಷ್ಟವೇ. ಟೀಚರನ್ನು ಊರಿನ ರೂಢಿಯಂತೆ "ಅಕ್ಕೋರೆ" ಅಂದಳು, ಹುಡುಗರು ನಕ್ಕರು. ಹುಡುಗರಿಟ್ಟ ಹೆಸರು 'ಬಿಜಾಪುರ'. ಇಲ್ಲಿ ಕೆಲಸಕ್ಕೆ ಬಂದ ಆ ಕಡೆಯವರೆಲ್ಲ ಇಲ್ಲಿಯವರ ಬಾಯಲ್ಲಿ ಬಿಜಾಪುರದವರೇ. 1997ರವರೆಗೆ ಬಾಗಲಕೋಟೆಯೂ ಆ ಜಿಲ್ಲೆಯೊಳಗೇ ಇತ್ತು ಅನ್ನಿ. ಆದರೆ ಹುಡುಗರು ಇತಿಹಾಸ ನೋಡಿ ಕರೆದದ್ದಲ್ಲವಲ್ಲ.

ಜುಲೈನ ಒಂದು ಘಟನೆ ನನಗೆ ಬಿಸಿಯೂಟದ ಅಡುಗೆಯ ಅಕ್ಕನಿಂದ ತಿಳಿಯಿತು. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಸುದ್ದಿ ರಾತ್ರಿಯೋ ಬೆಳಗಿನ ಜಾವವೋ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಇವಳ ಅಪ್ಪನದು ಬಟನ್ ಮೊಬೈಲ್. ರಜೆಯ ದಿನ ಇವಳು ಪೂರ್ತಿ ಒದ್ದೆಯಾಗಿ ಗೇಟಿನ ಎದುರು ನಿಂತಿದ್ದಳು. ಪಕ್ಕದ ಮನೆಯ ಅಡುಗೆ ಅಕ್ಕ ನೋಡಿ, "ಇವತ್ತು ರಜೆ ಅಲ್ವಾ ಮಗಾ, ಯಾರೂ ಹೇಳ್ಲಿಲ್ವಾ?" ಅಂತ ಕೇಳಿದರಂತೆ. ಆ ಮಳೆಗಾಲದಲ್ಲಿ ಅದು ಒಮ್ಮೆ ಮಾತ್ರ ಆದದ್ದಲ್ಲ.

ಚೀಟಿಗಳು

ನಾನು ಅವಳನ್ನು ಕೂಡಲೇ ಕೋಣೆಗೆ ಕರೆಯಲಿಲ್ಲ. ಎಲ್ಲರೂ ನೋಡುತ್ತಿರುವಾಗ 'ಕೌನ್ಸೆಲಿಂಗ್'ಗೆ ಕರೆದರೆ ಇನ್ನೊಂದು ಹೆಸರು ಅಂಟಿಕೊಳ್ಳುತ್ತದೆ. ಅದರ ಬದಲು ಇಡೀ ತರಗತಿಗೆ ಒಂದೊಂದು ಚೀಟಿ ಕೊಟ್ಟೆ. ಯಾರ ಜೊತೆ ಯಾರು ಇರಲು ಬಯಸುತ್ತಾರೆ ಅಂತ ಕೇಳಿ ಗುಂಪಿನ ನಕ್ಷೆ ಬಿಡಿಸುವ ಪದ್ಧತಿ ಹಳೆಯದು. ಮನೋವೈದ್ಯ ಜೇಕಬ್ ಮೊರೆನೊ 1934ರಲ್ಲೇ ಅದರ ಬಗ್ಗೆ ಪುಸ್ತಕ ಬರೆದಿದ್ದರು. ಕೆಲವರು 'ಯಾರು ಬೇಡ?' ಅಂತಲೂ ಕೇಳುತ್ತಾರೆ. ನಾನು ಕೇಳುವುದಿಲ್ಲ. ಆ ಪ್ರಶ್ನೆ ಸಂಜೆಯೊಳಗೆ ಬೀದಿಗೆ ಬರುತ್ತದೆ. ಹಾಗಾಗಿ ಎರಡು ಪ್ರಶ್ನೆ ಇಟ್ಟೆ. ಮುಂದಿನ ಗುಂಪು ಕೆಲಸಕ್ಕೆ ನಿನಗೆ ಯಾರು ಬೇಕು, ಮೂರು ಹೆಸರು ಬರಿ. ಈ ಕ್ಲಾಸಿನಲ್ಲಿ ಯಾರ ಬಗ್ಗೆ ನಿನಗೆ ಏನೂ ಗೊತ್ತಿಲ್ಲ?

ಮೊದಲನೆಯದರಲ್ಲಿ ಅವಳ ಹೆಸರು ಒಂದು ಚೀಟಿಯಲ್ಲೂ ಇರಲಿಲ್ಲ. ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅವಳನ್ನೇ ಬರೆದಿದ್ದರು. ಕೆಲವರು ಹೆಸರೂ ಬರೆದಿರಲಿಲ್ಲ, 'ಹೊಸ ಹುಡುಗಿ' ಅಂತ ಬರೆದಿದ್ದರು. ಸೇರಿ ಎರಡು ತಿಂಗಳಾಗುತ್ತಾ ಬಂದಿತ್ತು.

ಇದು ನನಗೆ ಸಮಾಧಾನದ ಸುದ್ದಿಯೇ. ಕೋಯಿ, ಡಾಜ್ ಮತ್ತು ಕೊಪೊಟೆಲ್ಲಿ ಅನ್ನುವ ಮನಶ್ಶಾಸ್ತ್ರದ ಸಂಶೋಧಕರು 1982ರಲ್ಲಿ ಮಕ್ಕಳ ಗುಂಪುಗಳನ್ನು ನೋಡಿ ಒಂದು ವ್ಯತ್ಯಾಸ ಮಾಡಿದರು: ಎಲ್ಲರೂ ದೂರ ತಳ್ಳುವ ಮಗು ಬೇರೆ, ಯಾರ ಲೆಕ್ಕಕ್ಕೂ ಬಾರದ ಮಗು ಬೇರೆ. ತಳ್ಳಿಸಿಕೊಂಡ ಮಗುವಿಗೆ ದಾರಿ ಉದ್ದ. ಗುಂಪಿನ ಸಿಟ್ಟೂ ಇಳಿಯಬೇಕು, ಎಷ್ಟೋ ಸಲ ಮಗುವಿನ ನಡವಳಿಕೆಯೂ ಬದಲಾಗಬೇಕು. ಲೆಕ್ಕಕ್ಕೆ ಬಾರದ ಮಗುವಿಗೆ ಬೇಕಾದದ್ದು ಲೆಕ್ಕಕ್ಕೆ ಬರುವ ಸಂದರ್ಭ, ಅಷ್ಟೇ. ಇವಳ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಇವಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳ ಚೀಟಿಯಲ್ಲಿ ಮೂರರ ಬದಲು ಒಂದೇ ಹೆಸರಿತ್ತು. ಕ್ಲಾಸ್ ಲೀಡರದ್ದಲ್ಲ. ಕೃಷ್ಣಾಪುರದ ಕಡೆಯಿಂದ ಬರುವ ಒಬ್ಬ ಬ್ಯಾರಿ ಹುಡುಗಿಯದು. ಮೂರನೇ ಬೆಂಚಿನ ಮೂಲೆಯಲ್ಲಿ ಕೂರುವವಳು, ತಾನಾಯಿತು ತನ್ನ ಪಾಡಾಯಿತು ಅನ್ನುವ ಸ್ವಭಾವ. ಅವಳು ಒಮ್ಮೆ ಗಣಿತದ ನೋಟ್ಸ್ ಕೊಟ್ಟಿದ್ದಳಂತೆ. ಕೊಟ್ಟವಳಿಗೆ ಅದು ನೆನಪೂ ಇರಲಿಲ್ಲ. ಜೊತೆಗಾತಿಯನ್ನು ನಾವು ಆರಿಸುವುದಕ್ಕಿಂತ ಮಗುವನ್ನೇ ಕೇಳುವುದು ಎಷ್ಟು ಸುಲಭ, ಆದರೂ ಯಾರೂ ಕೇಳುವುದಿಲ್ಲ.

ಬದಲಾಯಿಸಿದ್ದು

ಶಿಕ್ಷಕರ ಜೊತೆ ಕೂತು ಮಾತಾಡಿದಾಗ ಒಬ್ಬರು, "ಶಾಲೆಯೊಳಗೆ ತುಳು ಬೇಡ, ಕನ್ನಡ ಮಾತ್ರ ಅಂತ ನಿಯಮ ಮಾಡುವ" ಅಂದರು. ಸದುದ್ದೇಶವೇ. ಆದರೆ ಹಾಗೆ ಮಾಡಿದ್ದರೆ ಅದುವರೆಗೆ ಯಾರಿಗೂ ಬೇಡವಾಗಿರದ ಹುಡುಗಿ ಮರುದಿನವೇ ಎಲ್ಲರಿಗೂ ಬೇಡವಾಗುತ್ತಿದ್ದಳು. ಅವಳ ದೆಸೆಯಿಂದ ನಮ್ಮ ಮಾತು ಹೋಯಿತು ಅನ್ನುತ್ತಿದ್ದರು. ಮಕ್ಕಳ ಮನೆಮಾತಿಗೆ ಬೀಗ ಹಾಕುವುದು ಹಾಗೂ ಸರಿಯಲ್ಲ. ಹೆಡ್‌ಮಾಸ್ಟರೂ ಒಪ್ಪಲಿಲ್ಲ, ಆ ಮಾತು ಅಲ್ಲಿಗೇ ಮುಗಿಯಿತು.

ನಾವು ಕೈಹಾಕಿದ್ದು ಸಣ್ಣ ವಿಷಯಗಳಿಗೆ. ತಡವಾಗಿ ಬಂದವರು ಧ್ವಜಸ್ತಂಭದ ಹತ್ತಿರ ನಿಲ್ಲಬೇಕು ಅನ್ನುವ ಪದ್ಧತಿ ಅಲ್ಲಿತ್ತು. ತಮ್ಮನನ್ನು ಬಿಟ್ಟು ಓಡಿ ಬರುವ ಇವಳು ಪ್ರತಿದಿನ ಅಲ್ಲೇ. ಶಾಲೆಯ ಉಳಿದ ಮಕ್ಕಳು ಅವಳನ್ನು ನೋಡುತ್ತಿದ್ದದ್ದೇ ಆ ಜಾಗದಲ್ಲಿ, ತಪ್ಪು ಮಾಡಿದವಳಾಗಿ. ಯಾಕೆ ತಡ ಅಂತ ಕೇಳಿದವರಿಗೆ "ಇಲ್ರಿ" ಅಂತಷ್ಟೇ ಹೇಳುತ್ತಿದ್ದಳು. ತಮ್ಮನ ವಿಷಯ ಹೊರಗೆ ಬಂದದ್ದು ನಾನು ಮನೆಗೆ ಹೋದಾಗ. ಹೆಡ್‌ಮಾಸ್ಟರು ಅಂಗನವಾಡಿಗೆ ಹೋಗಿ ಮಾತಾಡಿದರು. ಅಲ್ಲಿಯ ಸಹಾಯಕಿ ಗುಡಿಸಲು, ನೀರು ತುಂಬಲು ಹೇಗೂ ಒಂಬತ್ತಕ್ಕೇ ಬರುತ್ತಾರೆ. "ಬಿಟ್ಟು ಹೋಗಲಿ, ನನಗೆಂತ ಭಾರ" ಅಂದರು. ಮರುದಿನದಿಂದ ಹುಡುಗಿ ಪ್ರಾರ್ಥನೆಯ ಸಾಲಿನಲ್ಲಿದ್ದಳು. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ ಅಂತ ನನ್ನ ಅಂದಾಜು. ಮನಶ್ಶಾಸ್ತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಎರಡನೆಯದು ಹಾಜರಿ ಪುಸ್ತಕ. ಹಳೆಯ ಶಾಲೆಯಿಂದ ಟಿಸಿ ಬಂದಿರಲಿಲ್ಲ, ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಹೆಸರು ವರ್ಗವಾಗಿರಲಿಲ್ಲ. ಹಾಗಾಗಿ ಹುಡುಗಿಯರ ಸಾಲು, ಹುಡುಗರ ಸಾಲು ಎರಡೂ ಮುಗಿದ ಮೇಲೆ ತೀರಾ ಕೆಳಗೆ ಪೆನ್ಸಿಲಿನಲ್ಲಿ ಇವಳ ಹೆಸರು. ಕೆಲವೊಮ್ಮೆ ಕರೆಯಲು ಮರೆತೂ ಹೋಗುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಟಿಸಿ ತಡವಾಯಿತು ಅಂತ ಪ್ರವೇಶ ನಿರಾಕರಿಸಬಾರದು ಅನ್ನುತ್ತದೆ. ಆದರೆ ಅದು ಎಂಟನೇ ತರಗತಿವರೆಗಿನ ಮಾತು. ಇವಳು ಒಂಬತ್ತಕ್ಕೆ ಬಂದವಳು. ಪ್ರವೇಶವನ್ನೇನೋ ಕೊಟ್ಟಿದ್ದರು, ಹೆಸರು ಮಾತ್ರ ಪೆನ್ಸಿಲಿನಲ್ಲಿ ನಿಂತಿತ್ತು. ಗುಮಾಸ್ತರು ಹಳೆಯ ಶಾಲೆಗೆ ಫೋನ್ ಮಾಡಿ ಬೆನ್ನು ಹತ್ತಿ ಆ ಕೆಲಸ ಮುಗಿಸಿದರು. ಹೆಸರು ಪೆನ್ನಿಗೆ ಬಂತು, ಹುಡುಗಿಯರ ಸಾಲಿನೊಳಗೆ.

ಮೂರನೆಯದು ಪಾಠದ ರೀತಿ. ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅವರಷ್ಟಕ್ಕೆ ಬೆರೆಯುತ್ತಾರೆ ಅಂತ ನಾವು ತಿಳಿದಿರುತ್ತೇವೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಅದು ಸಾಲದು ಅಂದಿದ್ದರು. ಇಬ್ಬರಿಗೂ ಸಮಾನ ಜಾಗ ಬೇಕು, ಒಂದೇ ಗುರಿಗೆ ಕೂಡಿ ದುಡಿಯಬೇಕು, ಮೇಲಿನವರ ಬೆಂಬಲವೂ ಇರಬೇಕು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿ ಜಗಳ ಶುರುವಾದಾಗ ಎಲಿಯಟ್ ಆರನ್ಸನ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಉಪಾಯ ಮಾಡಿದರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು. ಉಳಿದವರ ತುಂಡು ಅವರ ಬಾಯಿಂದಲೇ ಕೇಳಿ ಕಲಿಯಬೇಕು. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಅಂದರೆ ಪಕ್ಕದವಳ ಮಾತು ಕೇಳದೆ ನಿನಗೆ ಅಂಕವಿಲ್ಲ.

ಸಮಾಜ ಪಾಠದ ಟೀಚರಿಗೆ ಇದು ಹಿಡಿಸಿತು. ಕರ್ನಾಟಕದ ಭೂಗೋಳದ ಪಾಠ ನಡೆಯುತ್ತಿತ್ತು. "ಇವಳಿಗೆ ಉತ್ತರದ ಬಯಲು ಸೀಮೆ ಕೊಡುವ, ಅವಳ ಊರು ಅಲ್ವಾ" ಅಂದರು. ನಾನು ಬೇಡ ಅಂದೆ. ಅದು ಪ್ರಾರ್ಥನೆಯ ಹೊತ್ತಿನ ಜನಪದ ಹಾಡೇ ಮತ್ತೊಮ್ಮೆ. ಅವಳಿಗೆ ಕರಾವಳಿ ಕೊಡಿ, ಇಲ್ಲಿಯವರಿಗೆ ಕಪ್ಪು ಮಣ್ಣು, ಕೃಷ್ಣಾ ನದಿ ಕೊಡಿ ಅಂದೆ. ಆಗ ಅವಳು ಇವರನ್ನು ಕೇಳಬೇಕು, ಇವರು ಅವಳನ್ನು ಕೇಳಬೇಕು.

ಅಣೆಕಟ್ಟು, ಬಂದರು

ಗುಂಪಿನಲ್ಲಿ ಇವಳು ಚೀಟಿಯಲ್ಲಿ ಬರೆದಿದ್ದ ಕೃಷ್ಣಾಪುರದ ಹುಡುಗಿಯೂ ಇರುವ ಹಾಗೆ ನೋಡಿಕೊಂಡೆವು. ಅವಳ ಪಾಲಿಗೆ ಬಂದದ್ದು ಕೃಷ್ಣಾ ಮತ್ತು ಆಲಮಟ್ಟಿ ಅಣೆಕಟ್ಟು. ಪುಸ್ತಕದಲ್ಲಿದ್ದದ್ದು ನಾಲ್ಕು ಸಾಲು. ಇವಳ ಹತ್ತಿರ ಬಂದು, "ಆಲಮಟ್ಟಿ ನೋಡಿದ್ದೀಯಾ?" ಅಂತ ಕೇಳಿದಳು.

"ನೋಡೂದೇನು, ನಮ್ಮೂರೇ ಅದರಾಗ ಮುಳುಗೈತಿ" ಅಂದಳು ಇವಳು.

ಹಿನ್ನೀರಿನಲ್ಲಿ ಅಜ್ಜನ ಹೊಲ, ಹಳೆ ಮನೆ ಎರಡೂ ಹೋಗಿದ್ದವು. ಪುನರ್ವಸತಿ ಕೇಂದ್ರದಲ್ಲಿ ಒಂದು ಜಾಗ ಸಿಕ್ಕಿತು, ಹೊಲ ಸಿಗಲಿಲ್ಲ. ಬಂದ ಪರಿಹಾರ ಅಣ್ಣತಮ್ಮಂದಿರ ನಡುವೆ ಹಂಚಿಹೋಯಿತು. ಅಪ್ಪ ಸೆಂಟ್ರಿಂಗ್ ಕಲಿತದ್ದು ಆಮೇಲೆ. ಅಣೆಕಟ್ಟಿನಲ್ಲಿ ಈಗ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸುತ್ತಾರೆ. 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆಯುತ್ತಿದೆ. ಈ ಎರಡು ಅಂಕಿ ಆ ಹುಡುಗಿಗೆ ಬಾಯಿಪಾಠ. ಅವಳ ಮನೆಯಲ್ಲಿ ಹಬ್ಬಕ್ಕೆ ಸೇರಿದಾಗಲೂ ಇದೇ ಮಾತಂತೆ.

ಕೃಷ್ಣಾಪುರದವಳು ಬರೆಯುವುದನ್ನು ನಿಲ್ಲಿಸಿದಳು. "ನಮ್ಮ ಅಜ್ಜಿಯ ಮನೆ ಸಹ ಹಾಗೇ ಹೋದದ್ದು. ಪಣಂಬೂರಿನಲ್ಲಿ. ಬಂದರಿಗೆ."

ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. 1974ರಲ್ಲಿ ನವಮಂಗಳೂರು ಬಂದರು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಅದಕ್ಕಾಗಿ ಪಣಂಬೂರಿನ ಸುತ್ತ ಎಷ್ಟೋ ಮನೆಯವರು ಜಾಗ ಬಿಟ್ಟು ಏಳಬೇಕಾಯಿತು. ಅವರಿಗೆ ಜಾಗ ಸಿಕ್ಕಿದ್ದು ಕಾಟಿಪಳ್ಳ, ಕೃಷ್ಣಾಪುರದಲ್ಲಿ. ಇವತ್ತಿಗೂ ಅಲ್ಲಿಯ ವಿಳಾಸ 'ಇಂತಿಷ್ಟನೇ ಬ್ಲಾಕ್' ಅಂತಲೇ. ಆಲಮಟ್ಟಿಯಲ್ಲಿ ಮುಳುಗಡೆಯಾದವರಿಗೆ ಕಟ್ಟಿದ ಬಾಗಲಕೋಟೆಯ ನವನಗರದಲ್ಲೂ ಹಾಗೇ, ವಿಳಾಸ ಸೆಕ್ಟರ್ ನಂಬರಿನಲ್ಲಿರುತ್ತದೆ. ತೆಂಗಿನ ತೋಟ ಬಿಟ್ಟು ಗುಡ್ಡಕ್ಕೆ ಬಂದವರ ಮೊಮ್ಮಕ್ಕಳು ಆ ತರಗತಿಯಲ್ಲಿ ಬೇರೆಯವರೂ ಇದ್ದರು. ಅದು ತಮ್ಮದೇ ಕಥೆ ಅಂತ ಅವರಿಗೆ ಅದುವರೆಗೆ ಹೊಳೆದಿರಲಿಲ್ಲ. ಅಜ್ಜಿ ಹೇಳುವ ಹಳೇ ಮಾತು ಅಂದುಕೊಂಡಿದ್ದರು.

ಟೀಚರ್ ಜಾಣೆ. ಮುಂದಿನ ವಾರದ ಮನೆಗೆಲಸವನ್ನೇ ಬದಲಾಯಿಸಿದರು: ನಿಮ್ಮ ಅಜ್ಜ ಅಜ್ಜಿ ಹುಟ್ಟಿದ ಮನೆ ಎಲ್ಲಿತ್ತು, ಈಗ ಅಲ್ಲಿ ಏನಿದೆ, ಕೇಳಿ ಬರೆಯಿರಿ. ಒಬ್ಬನ ಅಜ್ಜ ಮುಂಬೈ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ರಾತ್ರಿಶಾಲೆಗೆ ಹೋದವರು. ಇನ್ನೊಬ್ಬಳ ತಂದೆ ಗಲ್ಫಿನಲ್ಲಿ ಹದಿನೈದು ವರ್ಷದಿಂದ ಇದ್ದಾರೆ, ಅಲ್ಲಿ ಅವರನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಅಂತಲೂ ಬರೆದಿದ್ದಳು. ಟೀಚರ್ ಅದನ್ನೆಲ್ಲ ಗಟ್ಟಿಯಾಗಿ ಓದಿಸಿದರು. ವ್ಯಾಖ್ಯಾನ ಮಾಡಲಿಲ್ಲ. 'ಬಿಜಾಪುರ' ಅನ್ನುವ ಹೆಸರು ಯಾವಾಗ ನಿಂತಿತು ಅಂತ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿದು ಬಂದ ಮೇಲೆ ನನ್ನ ಕಿವಿಗಂತೂ ಅದು ಬೀಳಲಿಲ್ಲ.

ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ಎಲ್ಲರೂ ಗೆಳತಿಯರಾದರು ಅಂತ ಬರೆದರೆ ಓದಲು ಚೆಂದ. ಹಾಗೇನೂ ಆಗಲಿಲ್ಲ. ಅವಳೂ ಉಳಿದವರ ಹಾಗೆ ಬಿಸಿಯೂಟದ ಅನ್ನ ಸಾಂಬಾರ್ ಉಣ್ಣುತ್ತಾಳೆ. ಕ್ಲಾಸ್ ಲೀಡರಿನ ಗುಂಪಿಗೂ ಅವಳಿಗೂ ಇವತ್ತಿಗೂ ಅಷ್ಟಕ್ಕಷ್ಟೆ. ಆದದ್ದು ಇಷ್ಟು: ಮೂರನೇ ಬೆಂಚಿನಲ್ಲಿ ಒಂದು ಜಾಗ, ಊಟಕ್ಕೆ ಕೂರುವಾಗ ಇಬ್ಬರು ಮೂವರು, ಥ್ರೋಬಾಲಿನಲ್ಲಿ ಒಂದು ತಂಡ. ತುಳುವಿನ ಅಂಕಿಗಳನ್ನು ಕಲಿತದ್ದು ಥ್ರೋಬಾಲಿನಲ್ಲೇ, ಒಂಜಿ, ರಡ್ಡ್, ಮೂಜಿ ಅಂತ ಪಾಯಿಂಟ್ ಎಣಿಸುತ್ತಾ. ಬೈಗುಳಗಳನ್ನು ಅದಕ್ಕಿಂತ ಮೊದಲೇ ಕಲಿತಿದ್ದಳಂತೆ.

ಒಬ್ಬ ಹುಡುಗ ಅವಳ ಮಾತನ್ನು ಅಣಕಿಸುವುದನ್ನು ಬಿಟ್ಟಿರಲಿಲ್ಲ. ಕ್ಲಾಸ್ ಟೀಚರ್ ಶಿಕ್ಷೆ ಕೊಡಲು ಹೊರಟಿದ್ದರು. ಸ್ವಲ್ಪ ತಡೆಯಿರಿ ಅಂದೆ. ಅಣಕಿಸುವುದರಲ್ಲೂ ಬಗೆಗಳಿವೆ. ಎದುರಿನ ಮಗುವಿನ ಮುಖ ನೋಡಿದರೆ ಗೊತ್ತಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಅವನು "ಹೌದ್ರಿ" ಅಂದಾಗ ಇವಳು ಕಿಟಕಿಯ ಕಡೆ ತಿರುಗುತ್ತಿದ್ದಳು. ಆಗ ಅವನನ್ನು ಪಕ್ಕಕ್ಕೆ ಕರೆದು ಮಾತಾಡಿದೆವು. ನವೆಂಬರ್‌ನಲ್ಲಿ ಅವನು "ಏನ್ ಮಾಡಾಕತ್ತಿ" ಅಂದಾಗ ಇವಳು, "ಹಂಗಲ್ಲೋ, ಬಾಯಿ ಅಗಲ ತಗಿ" ಅಂತ ತಿದ್ದಿದಳು. ಆಮೇಲೆ ನಾವು ತಲೆಹಾಕಲಿಲ್ಲ.

ಫೆಬ್ರುವರಿಯಲ್ಲಿ ಅದೇ ಚೀಟಿಗಳನ್ನು ಮತ್ತೆ ಕೊಟ್ಟೆ. ಅವಳ ಹೆಸರು ನಾಲ್ಕು ಚೀಟಿಯಲ್ಲಿತ್ತು. ಎರಡನೇ ಪ್ರಶ್ನೆಗೆ ಅವಳ ಹೆಸರು ಬರೆದವರು ಇಬ್ಬರು. ನಾಲ್ಕು ಅಂದರೆ ಜಾಸ್ತಿಯೇನಲ್ಲ. ಆದರೆ ತರಗತಿಯ ಹೆಚ್ಚಿನ ಮಕ್ಕಳ ಲೆಕ್ಕ ಮೂರರಿಂದ ಐದರೊಳಗೇ ಇರುತ್ತದೆ. ಉಳಿದವರ ಹಾಗೆ ಇದ್ದಾಳೆ ಅಂತಾಯಿತು, ನಾವು ಬಯಸಿದ್ದೂ ಅದನ್ನೇ.

ಹತ್ತನೇ ತರಗತಿ

ಈ ವರ್ಷದ ಮಳೆ ರಜೆಗಳಿಗೆ ಅವಳು ಗೇಟಿನ ಹತ್ತಿರ ಬರಲಿಲ್ಲ. ಅಪ್ಪನ ಬಟನ್ ಮೊಬೈಲಿಗೆ ಬೆಳಿಗ್ಗೆ ಆರಕ್ಕೇ ಕರೆ ಬರುತ್ತದಂತೆ, ಕೆಲವೊಮ್ಮೆ ಎರಡೆರಡು. ಯಾರು ಮಾಡಬೇಕು ಅಂತ ನಾವು ಯಾರಿಗೂ ಹೇಳಿರಲಿಲ್ಲ.

ಈಗ ಬೇರೆ ತಲೆನೋವು. ಸೈಟಿನ ಕೆಲಸ ಡಿಸೆಂಬರ್‌ಗೆ ಮುಗಿಯುತ್ತದೆ ಅಂತ ಮೇಸ್ತ್ರಿ ಹೇಳಿದ್ದಾರೆ. ಮುಂದಿನ ಕೆಲಸ ಗೋವಾದಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವುದು ಅದಾದ ಮೇಲೆ. ಅಮ್ಮನಿಗೆ ಮಗಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ತಮ್ಮನನ್ನು ನೋಡಿಕೊಳ್ಳುವವರಾರು ಅನ್ನುವ ಪ್ರಶ್ನೆಯೂ ಇದೆ, ಅದು ಸಣ್ಣದಲ್ಲ. ಹುಡುಗಿ ಮಾತ್ರ ಹಟ ಹಿಡಿದಿದ್ದಾಳೆ. "ಇನ್ನೊಂದ್ ಸಾಲಿ ನನ್ನಿಂದ ಆಗಂಗಿಲ್ರಿ" ಅಂತ ನನ್ನ ಎದುರೇ ಅಪ್ಪನಿಗೆ ಹೇಳಿದಳು. ಹಿಂದುಳಿದ ವರ್ಗಗಳ ಬಾಲಕಿಯರ ಹಾಸ್ಟೆಲಿಗೆ ಅರ್ಜಿ ಕೊಟ್ಟಿದ್ದೇವೆ. ವರ್ಷದ ನಡುವೆ ಸೀಟು ಸಿಗುವುದು ಕಷ್ಟ ಅಂದಿದ್ದಾರೆ ವಾರ್ಡನ್. ಹೆಡ್‌ಮಾಸ್ಟರು ಸೋಮವಾರ ಇಲಾಖೆಯ ಕಚೇರಿಗೆ ಇನ್ನೊಮ್ಮೆ ಹೋಗಿ ಬರುತ್ತಾರಂತೆ.